ಮುಂದಿನ ಭಾನುವಾರದ ಸುದ್ದಿ

ನಮ್ಮ ಹಳೆಯ ಫ್ಲೈಯಿಂಗ್ ಕ್ಲಬ್ಬಿನ ಕಾರ್ಯದರ್ಶಿಗಳು ಹೋದ ತಿಂಗಳು ತೀರಿಕೊಂಡರು. ಅವರ ನೆನಪಿಗೆ ಒಂದು ಪುಸ್ತಿಕೆ ತರುತ್ತಾರಂತೆ. "ನೀನು ಅವರ ಕಾಲದಲ್ಲೇ ಕಲಿತವನು, ಡೈರಿ ಬೇರೆ ಬರೀತಿದ್ದೆ. ಎರಡು ಪುಟ ಬರೆದುಕೊಡು. ಒಳ್ಳೇದನ್ನೇ ಬರಿ" ಎಂದು ಕ್ಲಬ್ಬಿನವರಿಂದ ಫೋನ್ ಬಂತು. ಆ ವರ್ಷಗಳ ಡೈರಿಗಳನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಎರಡು ಸಂಜೆ ಕೂತು ಓದಿದೆ. ಎರಡು ಪುಟಕ್ಕಾಗುವಷ್ಟು ಒಳ್ಳೆಯದು ಸಿಗಲಿಲ್ಲ. ಹಾಗಾಗಿ ಇದು ಆ ಪುಸ್ತಿಕೆಗಲ್ಲ.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಅವರೇ ಅದನ್ನು ಸಾಕಷ್ಟು ಕಡೆ ಬರೆಸಿಕೊಂಡಿದ್ದರು. ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಗಿಲ ಮೇಲೆ ಒಂದು, ಆಫೀಸಿನ ಮೆಟ್ಟಿಲ ಪಕ್ಕ ಒಂದು, ಕುಡಿಯುವ ನೀರಿನ ಡ್ರಮ್ಮಿನ ಮೇಲೆ ಒಂದು, ಹೀಗೆ ಹನ್ನೊಂದು ಕಡೆ. 1998ರ ಆಗಸ್ಟಿನಲ್ಲಿ ಒಂದು ದಿನ ಮೋಡ ಕವಿದು ಹಾರಾಟ ನಿಂತಿದ್ದಾಗ ಎಣಿಸಿ ಬರೆದಿಟ್ಟಿದ್ದೇನೆ.

ಕ್ಲಬ್ಬಿನ ಆಫೀಸು ಹಲಸೂರಿನಲ್ಲಿ, ಒಂದು ಪಾತ್ರೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿತ್ತು. ರನ್‌ವೇ ಇದ್ದದ್ದು ಕೆ.ಆರ್. ಪುರ ದಾಟಿ ಬಹಳ ದೂರ, ನೀಲಗಿರಿ ತೋಪುಗಳ ನಡುವೆ. ವಿಮಾನಗಳು ಎರಡು. ಒಂದು ಹಾರುತ್ತಿತ್ತು, ಇನ್ನೊಂದು ಅದಕ್ಕೆ ಬಿಡಿಭಾಗ ಕೊಡುತ್ತಾ ಹ್ಯಾಂಗರಿನೊಳಗೆ ದಿನದಿಂದ ದಿನಕ್ಕೆ ಸೊರಗುತ್ತಿತ್ತು. ನಾನು ವಿಮಾನಪುರದ ಕ್ವಾರ್ಟರ್ಸ್‌ನಲ್ಲಿ ಬೆಳೆದವನು. ಅಪ್ಪ ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಗಳಿಗೆ ರಿವೆಟ್ ಹೊಡೆಯುವ ಕೆಲಸದಲ್ಲಿದ್ದರು. ಕಾರ್ಮಿಕರ ಮಕ್ಕಳಿಗೆಂದು ಕ್ಲಬ್ಬಿನಲ್ಲಿ ವರ್ಷಕ್ಕೊಂದು ಸೀಟು ಇತ್ತು. 1998ರ ಜೂನಿನಲ್ಲಿ ಅದು ನನಗೆ ಸಿಕ್ಕಿತು. ಆಗ ನನಗೆ ಇಪ್ಪತ್ತೊಂದು.

ಮೊದಲ ದಿನ ಕಾರ್ಯದರ್ಶಿಗಳು ಕುರ್ಚಿಯಿಂದೆದ್ದು ನನ್ನ ಕೈ ಕುಲುಕಿ, "ವೆಲ್‌ಕಮ್, ಕ್ಯಾಪ್ಟನ್" ಅಂದರು. ಮೈ ಜುಮ್ಮೆಂದಿತು. ಐದು ನಿಮಿಷದ ಮೇಲೆ ಕ್ಯಾನಿನಲ್ಲಿ ನೀರು ತಂದ ಆಟೋದವನಿಗೂ "ಅಲ್ಲೇ ಇಡಿ, ಕ್ಯಾಪ್ಟನ್" ಅಂದರು. ಯಾರ ಹೆಸರನ್ನೂ ನೆನಪಿಟ್ಟುಕೊಳ್ಳದೆ ಕಾಲ ಕಳೆಯಲು ಅವರು ಕಂಡುಕೊಂಡಿದ್ದ ಉಪಾಯ ಅದು.

ವರ್ಷವಿಡೀ ಕಡುನೀಲಿ ಬ್ಲೇಜರ್ ಹಾಕುತ್ತಿದ್ದರು. ಏಪ್ರಿಲ್ಲಿನಲ್ಲಿ ಕುತ್ತಿಗೆಯಿಂದ ಬೆವರು ಇಳಿದು ಕಾಲರ್ ನೆನೆದರೂ ತೆಗೆಯುತ್ತಿರಲಿಲ್ಲ. ಎದೆಯ ಮೇಲೆ ಹಿತ್ತಾಳೆಯ ರೆಕ್ಕೆ ಬಿಲ್ಲೆ. ಆ ಬಿಲ್ಲೆ ಪೈಲಟ್‌ಗಳು ಹಾಕುವಂಥದ್ದು, ಇವರು ಪೈಲಟ್ ಅಲ್ಲ. ಶಿವಾಜಿನಗರದಲ್ಲಿ ಮದುವೆ ಬ್ಯಾಂಡ್‌ಸೆಟ್‌ನವರಿಗೆ ಯೂನಿಫಾರಂ ಮಾರುವ ಅಂಗಡಿಯಿಂದ ತಂದದ್ದು ಎಂದು ನಮಗೆಲ್ಲ ಗೊತ್ತಿತ್ತು. ನಾನು ಕಲಿತ ಅವಧಿಯಲ್ಲಿ ಅವರು ವಿಮಾನದೊಳಗೆ ಕೂತದ್ದು ನಾಲ್ಕು ಬಾರಿ, ನಾಲ್ಕೂ ಸಲ ಫೋಟೋಗೆ. ಆಗ ಇಂಜಿನ್ ಓಡುತ್ತಿದ್ದದ್ದು ಒಂದು ಸಲವೂ ಇಲ್ಲ.

ನಮಗೆ ಹಾರಲು ಕಲಿಸುತ್ತಿದ್ದವರು ಡಿಸೋಜ ಸರ್. ಕಂಟೋನ್ಮೆಂಟಿನ ಹಳೆಯ ಮನೆತನ, ವಾಯುಪಡೆಯಿಂದ ನಿವೃತ್ತರಾದವರು, ಒಂದೇ ವಾಕ್ಯದಲ್ಲಿ ಮೂರು ಭಾಷೆ ಮಾತಾಡುವವರು. ಕಾರ್ಯದರ್ಶಿಗಳ ಬಗ್ಗೆ ಅವರು ಒಮ್ಮೆ ಮಾತ್ರ ಬಾಯಿ ಬಿಟ್ಟಿದ್ದರು. "ಇವರನ್ನ ಏಣಿ ಹತ್ತಿಸಿದ್ರೆ ಆಕ್ಸಿಜನ್ ಕೇಳ್ತಾರೆ ಮ್ಯಾನ್."

ರನ್‌ವೇ ನೋಡಿಕೊಳ್ಳುತ್ತಿದ್ದ ಯಲ್ಲಪ್ಪನಿಗೆ ಬಾಯಿ ಸಡಿಲ. ರಾಯಚೂರು ಕಡೆಯವನು, ಕೆ.ಆರ್. ಪುರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದ. ರನ್‌ವೇ ಮೇಲೆ ಬರುವ ದನ, ಆಡು, ನಾಯಿಗಳನ್ನು ಓಡಿಸುವುದು ಅವನ ಕೆಲಸ. "ಸಾಹೇಬ್ರು ಮ್ಯಾಲ ಹೋಗಂಗಿಲ್ರಿ" ಅನ್ನುತ್ತಿದ್ದ. "ಕೆಳಗ ನಿಂತು ಕೈ ಬೀಸ್ತಾರ, ಅಷ್ಟ. ಕೈ ನಾನೂ ಬೀಸ್ತೀನಿ, ದಿನಾ ಬೀಸ್ತೀನಿ. ನಂದ್ಯಾರೂ ಫೋಟೋ ತಗಿಯಂಗಿಲ್ಲ."

ಕಾರ್ಯದರ್ಶಿಗಳ ನಿಜವಾದ ಕಸುಬು ಸುದ್ದಿ. ತಿಂಗಳಿಗೊಮ್ಮೆ ಕ್ಲಬ್ಬಿನ ಸುದ್ದಿ ಹಾಳೆ ಬರುತ್ತಿತ್ತು. ಒಂದು ಬದಿಗೆ ಇಂಗ್ಲಿಷ್, ಹಿಂಬದಿಗೆ ಕನ್ನಡ. ಇಂಗ್ಲಿಷನ್ನು ಅವರೇ ಕಂಪ್ಯೂಟರಿನಲ್ಲಿ ಎರಡು ಬೆರಳಲ್ಲಿ ಕುಟ್ಟುತ್ತಿದ್ದರು. ಆಫೀಸಿನ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಇರಲಿಲ್ಲ. ನನ್ನ ಅಕ್ಷರ ಗುಂಡಗಿದೆ ಎಂದು ಗೊತ್ತಾದ ದಿನದಿಂದ ಕನ್ನಡದ ಬದಿ ನನ್ನ ಪಾಲಿಗೆ ಬಂತು. ಅವರು ಹೇಳಿದ್ದನ್ನು ಕನ್ನಡದಲ್ಲಿ ಅಂದವಾಗಿ ಬರೆಯಬೇಕು. ಪಕ್ಕದ ಬೀದಿಯಲ್ಲಿ ಜೆರಾಕ್ಸ್ ಆಗಿ ಅದು ಸದಸ್ಯರಿಗೂ ನಮ್ಮ ಮನೆಗಳಿಗೂ ಅಂಚೆಯಲ್ಲಿ ಹೋಗುತ್ತಿತ್ತು.

ಡಿಸೆಂಬರಿನವರೆಗೆ ಆರು ಸಂಚಿಕೆಗಳನ್ನು ನಾನು ಬರೆದೆ. ಆರರಲ್ಲಿ ಐದರಲ್ಲಿ "ಹೊಸ ವಿಮಾನ ಶೀಘ್ರದಲ್ಲೇ ಆಗಮಿಸಲಿದೆ" ಎಂದಿತ್ತು. ಆರನೆಯದರಲ್ಲಿ ಬರೆಯಲು ಜಾಗ ಸಾಲಲಿಲ್ಲ.

ಅವರ ಸುದ್ದಿ ಹೇಗಿರುತ್ತಿತ್ತು ಅನ್ನುವುದಕ್ಕೆ ಗಾಳಿಚೀಲದ ಕಥೆ ಹೇಳಬೇಕು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯಲು ರನ್‌ವೇ ಪಕ್ಕ ಕಂಬಕ್ಕೆ ಬಟ್ಟೆಯ ಉದ್ದನೆಯ ಚೀಲ ಕಟ್ಟಿರುತ್ತಾರೆ. ನಮ್ಮದು ಮಳೆಗಾಲದಲ್ಲಿ ಹರಿದು ಚಿಂದಿಯಾಯಿತು. ಹೊಸದನ್ನು ಹೊಲಿಸಲು ನನ್ನನ್ನೇ ಶಿವಾಜಿನಗರದ ಒಬ್ಬ ಟೈಲರ್ ಹತ್ತಿರ ಕಳಿಸಿದರು. ಆತ ಅಳತೆ ಚೀಟಿ ತಿರುಗಿಸಿ ಮುರುಗಿಸಿ ನೋಡಿ, "ಅರೇ ಭಾಯ್, ಇದು ಯಾರ ಪೈಜಾಮ? ಕಾಲು ಒಂದೇ ಇದೆ, ಲಾಡಿಯೂ ಇಲ್ಲ" ಅಂದ. ವಿಮಾನಕ್ಕೆ ಎಂದೆ. "ವಿಮಾನಕ್ಕೆ ಪೈಜಾಮ! ಚಡ್ಡಿ ಬೇಡ್ವಾ?" ಎಂದು ಅಂಗಡಿಯವರೆಲ್ಲ ನಗುವಂತೆ ಕೇಳಿದ. ಆದರೆ ಚೆನ್ನಾಗಿ ಹೊಲಿದುಕೊಟ್ಟ, ನಾನು ಕಲಿತು ಬಿಡುವವರೆಗೂ ಹರಿಯಲಿಲ್ಲ. ಆ ತಿಂಗಳ ಸುದ್ದಿ ಹಾಳೆಯಲ್ಲಿ ನಾನು ಬರೆದದ್ದು ಹೀಗೆ: "ಕ್ಲಬ್ಬಿನ ಹವಾಮಾನ ಮಾಹಿತಿ ವ್ಯವಸ್ಥೆಯನ್ನು ಸಂಪೂರ್ಣವಾಗಿ ಆಧುನೀಕರಣಗೊಳಿಸಲಾಗಿದೆ." ಯಲ್ಲಪ್ಪ ನಾಲ್ಕು ಆಡುಗಳನ್ನು ಬೇಲಿಯಾಚೆ ಓಡಿಸಿದ್ದು "ವನ್ಯಜೀವಿ ನಿಯಂತ್ರಣ ಕಾರ್ಯಾಚರಣೆ" ಆಯಿತು.

ನನ್ನ ಡೈರಿಯಲ್ಲಿ ಅವರ ಪರವಾದ ಪುಟಗಳೂ ಇವೆ, ಹರಿದು ಹಾಕಲಾಗುವುದಿಲ್ಲ. ನವೆಂಬರಿನಲ್ಲಿ ಇಂಧನದ ಪರವಾನಗಿ ಯಾವುದೋ ಕಚೇರಿಯಲ್ಲಿ ಸಿಕ್ಕಿಹಾಕಿಕೊಂಡು ಹಾರಾಟ ನಿಂತಿತು. ಅವರು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಆ ಕಚೇರಿಯ ಬೆಂಚಿನ ಮೇಲೆ ಕೂತರು, ಟಿಫಿನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು. ಏಳು ದಿನ. ಎಂಟನೆಯ ದಿನ ಡ್ರಮ್ಮುಗಳು ಬಂದವು. ಆ ಏಳು ದಿನ ಬ್ಲೇಜರ್ ಹಾಕಿರಲಿಲ್ಲ. ಅವರ ಬಗ್ಗೆ ಗೌರವದಿಂದ ಬರೆಯಬಹುದಾಗಿದ್ದ ಒಂದೇ ವಾರ ಅದು. ಸುದ್ದಿ ಹಾಳೆಗೆ ಅವರು ಕೊಟ್ಟ ಸಾಲು: "ಕ್ಲಬ್ಬಿನ ಇಂಧನ ಸಂಗ್ರಹಣಾ ಸಾಮರ್ಥ್ಯ ದ್ವಿಗುಣ." ನಿಜವಾಗಿ ಮಾಡಿದ ಒಂದೇ ಕೆಲಸವನ್ನೂ ಸುಳ್ಳು ಮಾಡಿಯೇ ಬರೆಸಿದರು.

ಇಷ್ಟಾದರೂ ಆ ಸುಳ್ಳುಗಳಿಂದ ಯಾರಿಗೂ ಗಾಯವಾಗುತ್ತಿರಲಿಲ್ಲ. ನಾವು ನಗುತ್ತಿದ್ದೆವು, ನಾನು ಅಂದವಾಗಿ ಬರೆಯುತ್ತಿದ್ದೆ. ಆಮೇಲೆ ಅವರು ನನ್ನ ಸೋಲೋ ಸುದ್ದಿಗೆ ಕೈ ಹಾಕಿದರು.

ವಿಮಾನ ಕಲಿಯುವವನು ಮೊದಲ ಸಲ ಮೇಷ್ಟ್ರಿಲ್ಲದೆ ಒಬ್ಬನೇ ಮೇಲೇರಿ, ಒಂದು ಸುತ್ತು ಹಾಕಿ, ಇಳಿಯುವುದಕ್ಕೆ ಸೋಲೋ ಅನ್ನುತ್ತಾರೆ. ಅದಕ್ಕೊಂದು ಪದ್ಧತಿಯಿದೆ. ಯಾವ ದಿನ ಎಂದು ಕಲಿಯುವವನಿಗೆ ಮೊದಲೇ ಹೇಳುವುದಿಲ್ಲ. ಎಂದಿನಂತೆ ಇಬ್ಬರೂ ಮೂರು ಸುತ್ತು ಹಾರುತ್ತಾರೆ. ಮೂರೂ ಸಲ ಮೇಷ್ಟ್ರ ಕೈ ತಾಗದೆ ಅವನು ಚೆನ್ನಾಗಿ ಇಳಿಸಿದರೆ, ಮೇಷ್ಟ್ರು ಬೆಲ್ಟ್ ಬಿಚ್ಚಿ, ಬಾಗಿಲು ತೆಗೆದು ಕೆಳಗಿಳಿದು, "ಈಗ ನೀನೊಬ್ಬನೇ ಹೋಗಿ ಬಾ" ಅನ್ನುತ್ತಾರೆ. ಹೆದರಲು ಅವನಿಗೆ ಸಮಯವೇ ಇರುವುದಿಲ್ಲ. ಮೊದಲೇ ಗೊತ್ತಾದರೆ ನಿದ್ದೆ ಹೋಗುತ್ತದೆ, ಕೈ ಬಿಗಿಯಾಗುತ್ತದೆ, ಬಿಗಿದ ಕೈಯಲ್ಲಿ ವಿಮಾನ ಮೆತ್ತಗೆ ಇಳಿಯುವುದಿಲ್ಲ. ಡಿಸೋಜ ಸರ್ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಯಾರದು ಯಾವಾಗ ಎಂದು ಕೇಳಿದವರನ್ನು ಆ ದಿನ ಹಾರಲು ಬಿಡದೆ ವಿಮಾನ ತೊಳೆಯಲು ಹಚ್ಚುತ್ತಿದ್ದರು.

ನಾನು ನನ್ನ ಇಳಿಕೆಗಳನ್ನು ಎಣಿಸಿಡುತ್ತಿದ್ದೆ. ಜನವರಿ ಎಂಟರ ಹೊತ್ತಿಗೆ ಎಪ್ಪತ್ತನಾಲ್ಕು ಆಗಿದ್ದವು. ಡಿಸೋಜ ಸರ್ ಕೈ ಹಾಕದೆ ನಾನೇ ಇಳಿಸಿದ್ದು ಇಪ್ಪತ್ತೊಂಬತ್ತು. ಸತತವಾಗಿ ಎರಡು ಚೆನ್ನಾಗಿ ಇಳಿಸಿದ್ದು ಒಂದೇ ದಿನ, ಅದೂ ಆ ಎಂಟನೆಯ ತಾರೀಖಿನಂದೇ. ಹತ್ತಿರ ಬಂದಿದ್ದೇನೆ ಅನ್ನಿಸಿತ್ತು.

ಮರುದಿನ ಶನಿವಾರ ಹಲಸೂರಿನ ಆಫೀಸಿಗೆ ಹೋದಾಗ ಕಾರ್ಯದರ್ಶಿಗಳು ಮುಂದಿನ ಸುದ್ದಿ ಹಾಳೆಯ ಕರಡು ಕೈಗಿಟ್ಟರು. ಮೊದಲು ಸಂಕ್ರಾಂತಿಯ ಶುಭಾಶಯ. ಎರಡನೆಯದು ಹೊಸ ವಿಮಾನ. ಮೂರನೆಯದು ಹೀಗಿತ್ತು: "ದಿನಾಂಕ 17ರ ಭಾನುವಾರ ಬೆಳಿಗ್ಗೆ ಗಣ್ಯರ ಸಮ್ಮುಖದಲ್ಲಿ, ವಿಮಾನಪುರದ ಕಾರ್ಮಿಕರೊಬ್ಬರ ಸುಪುತ್ರನಾದ ನಮ್ಮ ವಿದ್ಯಾರ್ಥಿಯು ಪ್ರಥಮ ಸೋಲೋ ಹಾರಾಟವನ್ನು ಅಮೋಘವಾಗಿ ಪೂರೈಸಿದನು. ನೆರೆದವರು ಹರ್ಷೋದ್ಗಾರ ಮಾಡಿದರು." ಕೆಳಗೆ ನನ್ನ ಪೂರ್ಣ ಹೆಸರು.

"ಸರ್, ಇದು ನಾನು."

"ನೀವೇ, ಕ್ಯಾಪ್ಟನ್! ಕಂಗ್ರಾಟ್ಸ್."

"ಆದ್ರೆ ಇವತ್ತು ಒಂಬತ್ತು ಸರ್."

"ಅದಕ್ಕೇ ಅರ್ಜೆಂಟು. ಹಬ್ಬಕ್ಕೆ ಜೆರಾಕ್ಸ್‌ನವನು ಮುಚ್ಚಿಬಿಡ್ತಾನೆ. ಇವತ್ತೇ ಮುಗಿಸಿ ಕೊಡಿ."

"ಡಿಸೋಜ ಸರ್‌ಗೆ ಗೊತ್ತಾ?"

"ಹೇಳೋ ಟೈಮಲ್ಲಿ ಹೇಳ್ತೀನಿ. ನೋಡಿ, ಇಂದಿರಾನಗರದಿಂದ ಒಬ್ಬರು ದೊಡ್ಡ ಮನುಷ್ಯರು ಬರ್ತಿದ್ದಾರೆ. ಮನಸ್ಸು ಮಾಡಿದ್ರೆ ನಮಗೊಂದು ವಿಮಾನ ಕೊಡಿಸೋವಂಥವರು. ಅವರ ಕೈಯಲ್ಲಿ ಸುದ್ದಿ ಹಾಳೆ ಇರ್ಬೇಕು. ಓದಿ ತಲೆ ಎತ್ತೋ ಹೊತ್ತಿಗೆ ನೀವು ಆಕಾಶದಿಂದ ಇಳೀತಿರ್ಬೇಕು. ಎಂಥಾ ಎಫೆಕ್ಟ್ ಕ್ಯಾಪ್ಟನ್, ಯೋಚನೆ ಮಾಡಿ!"

"ನನ್ನಿಂದ ಆಗ್ದೇ ಹೋದ್ರೆ?"

ಅವರು ನನ್ನನ್ನು ಮಗುವಿನಂತೆ ನೋಡಿದರು. "ಬರೆದಾಗಿದೆಯಲ್ಲ. ಆಗತ್ತೆ."

ನಾನು ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. ನನ್ನ ಹೆಸರಿನ ಅಡಿಯಲ್ಲಿ ಸ್ಕೇಲ್ ಇಟ್ಟು ಗೆರೆ ಕೂಡ ಎಳೆದೆ. ಬರೆಯುವುದಿಲ್ಲ ಅನ್ನಬಹುದಿತ್ತು, ಡಿಸೋಜ ಸರ್‌ಗೆ ಹೇಳಬಹುದಿತ್ತು. ಹೇಳಿದರೆ ದಿನ ಗೊತ್ತಾದವನೆಂದು ತಿಂಗಳುಗಟ್ಟಲೆ ಮುಂದೆ ಹಾಕುತ್ತಾರೆಂಬ ಭಯ. ಸುಮ್ಮನಿದ್ದರೆ ಎಂಟು ದಿನದಲ್ಲಿ ಸೋಲೋ ಆಗಿಯೇಬಿಡುತ್ತದೆ ಎಂಬ ಆಸೆಯೂ ಒಳಗೆ ಇತ್ತು.

ಆ ವಾರ ಹತ್ತರಿಂದ ಹದಿನಾರರವರೆಗೆ ನಾಲ್ಕು ದಿನ ಹಾರಿದೆ. ಇಳಿಕೆಗಳು ಹನ್ನೊಂದು. ಅದರಲ್ಲಿ ಏಳನ್ನು ಡಿಸೋಜ ಸರ್ ಕಡೇ ಗಳಿಗೆಯಲ್ಲಿ ಕೈ ಹಾಕಿ ಇಳಿಸಿದರು. ನೆಲ ಹತ್ತಿರವಾದಂತೆ ನನ್ನ ಕಣ್ಣಿಗೆ ರನ್‌ವೇ ಬದಲು ಹದಿನೇಳು ಎಂಬ ಅಂಕೆ ಕಾಣುತ್ತಿತ್ತು.

"ಏನಾಯ್ತು ಮ್ಯಾನ್ ನಿನಗೆ?" ಅಂದರು. "ಹೋದ ವಾರ ಮನುಷ್ಯನ ಥರ ಇಳಿಸ್ತಿದ್ದೆ. ಮನೇಲಿ ಏನಾದ್ರೂ ಟ್ರಬಲ್ಲಾ?"

"ಏನಿಲ್ಲ ಸರ್."

ಹಬ್ಬದ ಮರುದಿನ ಶುಕ್ರವಾರ ಸುದ್ದಿ ಹಾಳೆ ಅಂಚೆಯಲ್ಲಿ ಮನೆಗೆ ಬಂತು. ಭಾನುವಾರ ಹಂಚಬೇಕಾದದ್ದನ್ನು ಕಾರ್ಯದರ್ಶಿಗಳು ಪ್ರತಿ ತಿಂಗಳ ಅಭ್ಯಾಸದಂತೆ ಪೋಸ್ಟಿಗೂ ಹಾಕಿಸಿಬಿಟ್ಟಿದ್ದರು. ಬೆಳಗಿನ ಪಾಳಿ ಮುಗಿಸಿ ಬಂದ ಅಪ್ಪ ಬಾಗಿಲಲ್ಲೇ ನಿಂತು ಓದಿದರು. ಗೋಡೆಯ ಕ್ಯಾಲೆಂಡರ್ ನೋಡಿದರು. ಮತ್ತೆ ಓದಿದರು. ಎಳ್ಳು ಬೆಲ್ಲದ ತಟ್ಟೆ ಹಿಡಿದು ಬಂದ ಅಮ್ಮ, "ಏನಂತೆ, ಪಾಸಾದ್ನಾ?" ಅಂದರು.

"ಭಾನುವಾರ ಪಾಸಾಗಿದ್ದಾನೆ" ಅಂದರು ಅಪ್ಪ. "ಮೊನ್ನೆದಲ್ಲ, ನಾಡಿದ್ದು ಬರೋ ಭಾನುವಾರ."

ಆಮೇಲೆ ಊಟಕ್ಕೆ ಕೂತಾಗ ನನ್ನ ಕಡೆ ನೋಡದೆ ಹೇಳಿದರು: "ನಮ್ಮ ಶಾಪಲ್ಲಿ ರಿವೆಟ್ ಹೊಡೆಯೋಕ್ಕೆ ಮುಂಚೆ ಇನ್ಸ್‌ಪೆಕ್ಷನ್ ಸೀಲ್ ಹಾಕಿದವನನ್ನ ಅವತ್ತೇ ಮನೆಗೆ ಕಳಿಸ್ತಾರೆ. ಆ ರೆಕ್ಕೆ ಮೇಲೆ ಕೂತು ಹೋಗೋನು ಬೇರೆ ಯಾರೋ ಇರ್ತಾನೆ, ಅದಕ್ಕೆ." ಮಜ್ಜಿಗೆ ಬಡಿಸಿಕೊಳ್ಳುತ್ತಾ, "ಅಕ್ಷರ ಮಾತ್ರ ಚೆನ್ನಾಗಿ ಬರ್ದಿದ್ದೀಯ" ಅಂದರು.

ಶನಿವಾರ ಹೊರಮಾವಿನ ನನ್ನ ಜೊತೆಗಾರನೊಬ್ಬ ಹ್ಯಾಂಗರಿನ ಹಿಂದೆ ಸಿಕ್ಕಿದ. ಅವನ ಮನೆಗೂ ಹಾಳೆ ಹೋಗಿತ್ತು. "ಗುರು, ನಾಳೆ ಸೂಪರಾಗಿ ಇಳಿದೆಯಂತೆ! ಜನ ಕೂಗಿದ್ರಂತೆ!" ಎಂದು ಬೆನ್ನು ತಟ್ಟಿದ. "ಪಾರ್ಟಿ ಇವತ್ತೇ ಕೊಟ್ಬಿಡು ಮಗಾ. ನಾಳೆ ಏನ್ ಕಥೆಯೋ ಏನೋ." ಅವನು ತಮಾಷೆಗೆ ಅಂದದ್ದು. ಇಬ್ಬರಿಗೂ ನಗು ಬರಲಿಲ್ಲ.

ಭಾನುವಾರ ಬೆಳಿಗ್ಗೆ ರನ್‌ವೇ ಪಕ್ಕ ಶಾಮಿಯಾನ ಎದ್ದಿತ್ತು. ನಲವತ್ತು ಪ್ಲಾಸ್ಟಿಕ್ ಕುರ್ಚಿ, ಬಂದವರು ಇಪ್ಪತ್ತಾರು. ಮೈಕು. ಮುಂದಿನ ಸಾಲಿನಲ್ಲಿ ಇಂದಿರಾನಗರದ ದೊಡ್ಡ ಮನುಷ್ಯರು. ಹಿಂದಿನ ಸಾಲಿನ ಕೊನೆಯಲ್ಲಿ ಅಪ್ಪ, ಇಸ್ತ್ರಿ ಅಂಗಿ ಹಾಕಿಕೊಂಡು, ಎರಡೂ ಕೈ ಮಂಡಿಯ ಮೇಲಿಟ್ಟು. ಕಾರ್ಯದರ್ಶಿಗಳು ಸೇವಂತಿಗೆ, ಚೆಂಡುಹೂವಿನ ದಪ್ಪ ಹಾರ ತೋಳಿಗೆ ಹಾಕಿಕೊಂಡು ಓಡಾಡುತ್ತಿದ್ದರು. ಆಗತಾನೆ ಡಿಸೋಜ ಸರ್ ಹತ್ತಿರ ಹೋಗಿ, "ಇವತ್ತು ಮೂರು ಸುತ್ತಾದ ಮೇಲೆ ನೀವು ಇಳಿದುಬಿಡಿ ಕ್ಯಾಪ್ಟನ್, ಪ್ರೋಗ್ರಾಮಲ್ಲಿದೆ" ಅಂದರು. ಡಿಸೋಜ ಸರ್ ಖಾಲಿ ಕುರ್ಚಿಯ ಮೇಲಿದ್ದ ಒಂದು ಸುದ್ದಿ ಹಾಳೆ ಎತ್ತಿಕೊಂಡು, ಇಂಗ್ಲಿಷ್ ಬದಿ ಓದಿ, ತಿರುಗಿಸಿ ಕನ್ನಡದ ಬದಿಯನ್ನೂ ನೋಡಿ, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.

ಮೊದಲ ಸುತ್ತು ಹೇಗೋ ಆಯಿತು. ಎರಡನೆಯದರಲ್ಲಿ ವಿಮಾನ ನೆಲಕ್ಕೆ ತಾಗಿ ಎರಡು ಸಲ ಪುಟಿಯಿತು. ಮೂರನೆಯ ಸಲ ಅಡ್ಡಗಾಳಿ ಬಂತು, ನಾನು ತಡವರಿಸಿದೆ. ಡಿಸೋಜ ಸರ್ ಕೈ ಹಾಕಿ ಇಳಿಸಿದರು. ಶಾಮಿಯಾನದ ಎದುರಿಗೆ ತಂದು ನಿಲ್ಲಿಸಿದೆವು. ಇಂಜಿನ್ ನಿಧಾನವಾಗಿ ಓಡುತ್ತಲೇ ಇತ್ತು. ಆ ಸದ್ದಿನ ಮೇಲೂ ಮೈಕು ಕೇಳಿಸಿತು: "ಈಗ ನಮ್ಮ ಗುರುಗಳು ಕೆಳಗಿಳಿಯುತ್ತಾರೆ! ಶಿಷ್ಯ ಏಕಾಂಗಿಯಾಗಿ ಗಗನಕ್ಕೆ!" ಚಪ್ಪಾಳೆ.

ಡಿಸೋಜ ಸರ್ ಬೆಲ್ಟಿಗೆ ಕೈ ಹಾಕಲಿಲ್ಲ.

"ನಿನಗೆ ಗೊತ್ತಿತ್ತು."

"ಹೌದು ಸರ್. ಎಂಟು ದಿನದಿಂದ."

"ಅದಕ್ಕೇ ಎಂಟು ದಿನ ಗೋಣಿಚೀಲ ಎತ್ತಿ ಹಾಕಿದ ಹಾಗೆ ಇಳಿಸ್ತಿದ್ದೆ." ಮುಂದೆ ನೋಡುತ್ತಲೇ ಕೇಳಿದರು: "ಒಂದು ಮಾತು ಹೇಳು. ಈಗ ನಾನು ಇಳಿದ್ರೆ ನೀನು ಹೋಗ್ತೀಯಾ?"

ಶಾಮಿಯಾನದ ಕಡೆ ನೋಡಿದೆ. ಎಲ್ಲರೂ ಕೈ ತಟ್ಟುತ್ತಿದ್ದರು. ಅಪ್ಪ ತಟ್ಟುತ್ತಿರಲಿಲ್ಲ, ಎದ್ದು ನಿಂತಿದ್ದರು. ಹೂಂ ಅನ್ನುವುದು ಬಹಳ ಸುಲಭವಿತ್ತು. ಆದರೆ ಲೆಕ್ಕ ನನಗೆ ಬಾಯಿಪಾಠವಾಗಿತ್ತು.

"ಇಲ್ಲ ಸರ್. ಈ ವಾರ ಹನ್ನೊಂದರಲ್ಲಿ ಏಳು ನೀವೇ ಇಳಿಸಿದ್ದು. ಇವತ್ತು ಮೂರರಲ್ಲಿ ಒಂದು ನಿಮ್ಮದು, ಒಂದು ಪುಟೀತು."

"ಗುಡ್" ಅಂದರು. "ಹಾಗಿದ್ರೆ ನಾನು ಇಳಿಯಲ್ಲ."

ಇಬ್ಬರೂ ಕೂತೇ ಇದ್ದುದು ಹೊರಗಿನವರಿಗೆ ಕಾಣುತ್ತಿತ್ತು. ಚಪ್ಪಾಳೆ ಸೊರಗಿತು. ಆಗ ಕಾರ್ಯದರ್ಶಿಗಳು ಹಾರವನ್ನು ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದು, ಡಿಸೋಜ ಸರ್‌ಗೆ ಇಳಿಯಿರಿ ಇಳಿಯಿರಿ ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಾ, ವಿಮಾನದ ಕಡೆ ಓಡಿಬಂದರು. ಮುಂದಿನಿಂದ, ನೇರ ಮೂತಿಯ ಕಡೆಗೆ.

ಮೂತಿಯಲ್ಲಿ ಗಿರ್ರನೆ ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಕಾಣುವುದಿಲ್ಲ, ಅಲ್ಲಿ ಬರೀ ಗಾಳಿ ಇದ್ದಂತಿರುತ್ತದೆ. ಅದಕ್ಕೇ ಮೊದಲ ದಿನದ ಮೊದಲ ಪಾಠ, ವಿಮಾನದ ಮುಂದಿನಿಂದ ಬರಬಾರದು ಅನ್ನುವುದು. ಹ್ಯಾಂಗರಿನ ಗೋಡೆಯ ಮೇಲೆ ಆ ಸೂಚನೆಯನ್ನು ಕೆಂಪು ಬಣ್ಣದಲ್ಲಿ ಬರೆಸಿದವರು ಅವರೇ. ನಾನು ಎಣಿಸಿದ ಹನ್ನೊಂದರಲ್ಲಿ ಒಂದು ಹೆಸರು ಅದರ ಕೆಳಗಿತ್ತು.

ಡಿಸೋಜ ಸರ್ ಇಂಜಿನ್ ಆರಿಸಿದರು. ಆರಿಸಿದ ತಕ್ಷಣ ಪ್ರೊಪೆಲ್ಲರ್ ನಿಲ್ಲುವುದಿಲ್ಲ. ಎಲ್ಲಿಂದ ಬಂದನೋ ಯಲ್ಲಪ್ಪ ಹಿಂದಿನಿಂದ ಹಾರಿ ಅವರ ಬ್ಲೇಜರಿನ ಹಿಂಭಾಗಕ್ಕೆ ಎರಡೂ ಕೈ ಹಾಕಿ ಎಳೆದ. ಬಟ್ಟೆ ಚರ್ರೆಂದು ಕುತ್ತಿಗೆಯವರೆಗೂ ಸೀಳಿತು. ಇಬ್ಬರೂ ಹಿಂದಕ್ಕೆ ಬಿದ್ದರು. ಹಾರ ಮಾತ್ರ ಕೈಯಿಂದ ಜಾರಿ ಮುಂದಕ್ಕೆ ಹೋಯಿತು. ಪಟಪಟ ಸದ್ದು, ಆಮೇಲೆ ಎಲ್ಲ ಕಡೆ ಹಳದಿ. ಗಾಜಿನ ಮೇಲೆ, ರೆಕ್ಕೆಯ ಮೇಲೆ, ದೊಡ್ಡ ಮನುಷ್ಯರ ಬಿಳಿ ಷೂಗಳ ಮೇಲೆ.

"ಏ ಸಾಹೇಬ್ರ, ತಲಿ ಹೋಗ್ತಿತ್ತಲ್ರಿ, ತಲಿ!" ಯಲ್ಲಪ್ಪ ಏದುಸಿರು ಬಿಡುತ್ತಿದ್ದ.

ಕಾರ್ಯದರ್ಶಿಗಳು ನೆಲದ ಮೇಲೆ ಕೂತಲ್ಲೇ ಬೆನ್ನು ಮುಟ್ಟಿ ನೋಡಿಕೊಂಡರು. "ಬ್ಲೇಜರ್ ಹರಿದುಬಿಟ್ಟೆಯಲ್ಲೋ!" ಅಂದರು.

ಜೀವ ಉಳಿದವನ ಬಾಯಿಂದ ಬಂದ ಮೊದಲ ಮಾತು ಅದು. ಎರಡನೆಯದನ್ನು ಎದ್ದು ಹೋಗಿ ಮೈಕಿನಲ್ಲಿ ಹೇಳಿದರು: "ಪುಷ್ಪವೃಷ್ಟಿಯೊಂದಿಗೆ ಇಂದಿನ ಕಾರ್ಯಕ್ರಮ ಮುಕ್ತಾಯವಾಯಿತು." ಮುಂದಿನ ಸಾಲಿನವರಲ್ಲಿ ಕೆಲವರು ಅದೂ ಕಾರ್ಯಕ್ರಮದ ಭಾಗವೆಂದು ತಿಳಿದು ಮತ್ತೆ ಕೈ ತಟ್ಟಿದರು. ದೊಡ್ಡ ಮನುಷ್ಯರು ಷೂ ಒರೆಸಿಕೊಂಡು, "ವೆರಿ ನೈಸ್" ಎಂದು ಕಾರು ಹತ್ತಿದರು. ಅವರು ವಿಮಾನ ಕೊಡಿಸಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಅಪ್ಪ ನನ್ನ ಹತ್ತಿರ ಬಂದು ಭುಜದ ಮೇಲಿನ ಹೂವಿನ ಎಸಳು ತೆಗೆದು, "ಇಬ್ರೂ ಕೂತೇ ಇದ್ರಲ್ಲ, ಒಳ್ಳೇದಾಯ್ತು" ಅಂದರು.

ಮರುವಾರ ಯಲ್ಲಪ್ಪನ ಕೈಗೆ ಒಂದು ಕಾಗದ ಬಂತು. ಅವನಿಗೆ ಓದಲು ಬಾರದು, ನನ್ನ ಹತ್ತಿರ ತಂದ. "ಏನಂತ ಐತ್ರಿ? ಬಕ್ಷೀಸೇನು?"

ಮೆಮೊ ಆಗಿತ್ತು. ಗಣ್ಯ ಅತಿಥಿಗಳೆದುರು ಅನುಚಿತವಾಗಿ ವರ್ತಿಸಿ ಪದಾಧಿಕಾರಿಯ ಉಡುಪಿಗೆ ಹಾನಿ ಮಾಡಿದ್ದಕ್ಕೆ ಎಚ್ಚರಿಕೆ. ಓದಿ ಹೇಳಿದೆ. ಅವನು ಬಹಳ ಹೊತ್ತು ನಕ್ಕ. "ಮುಂದಿನ ಸಲ ಅಂಗಿ ಹಿಡಿಯಂಗಿಲ್ಲ ಬಿಡ್ರಿ" ಅಂದ. ಆ ಕಾಗದ ಮಡಚಿ ಬೀಡಿ ಕಟ್ಟಿನ ಜೊತೆ ಇಟ್ಟುಕೊಂಡ. ಕಾರ್ಯದರ್ಶಿಗಳ ಬಗ್ಗೆ ಅಲ್ಲಿಯವರೆಗೆ ನನಗಿದ್ದದ್ದು ನಗು. ಅಂದಿನಿಂದ ಅದು ಹೇಸಿಗೆಯಾಯಿತು, ಈಗಲೂ ಹಾಗೇ ಇದೆ.

ಜನವರಿ ಮೂವತ್ತರಂದು ಹೊಸ ಕರಡು ಕೊಟ್ಟರು. "ಐತಿಹಾಸಿಕ ಸೋಲೋ ಹಾರಾಟದ ಕೊನೆಯಲ್ಲಿ ವಿಮಾನದ ಮೇಲೆ ಪುಷ್ಪವೃಷ್ಟಿ" ಎಂದು ಶುರುವಾಗುತ್ತಿತ್ತು.

"ಬರೆಯಲ್ಲ ಸರ್."

"ಯಾಕೆ ಕ್ಯಾಪ್ಟನ್, ಕೈ ನೋವಾ?"

"ಕೈ ಚೆನ್ನಾಗಿದೆ. ನಾನು ಒಬ್ಬನೇ ಹಾರಿಲ್ಲ, ಅದಕ್ಕೆ."

ಕರಡನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. ಸಿಟ್ಟಾಗಲಿಲ್ಲ. ಆ ತಿಂಗಳ ಕನ್ನಡವನ್ನು ಬೇರೆ ಯಾರೋ ಓರೆ ಅಕ್ಷರದಲ್ಲಿ ಬರೆದರು. ಅಂದಿನಿಂದ ಅವರು ನನ್ನನ್ನು ಕ್ಯಾಪ್ಟನ್ ಅನ್ನುವುದು ಬಿಟ್ಟು "ಏನಪ್ಪ" ಅನ್ನತೊಡಗಿದರು.

ಫೆಬ್ರವರಿ ಒಂಬತ್ತು, ಮಂಗಳವಾರ. ಬೆಳಿಗ್ಗೆ ಏಳೂವರೆಗೆ ಮಂಜು ಸರಿದ ಮೇಲೆ ಹೊರಟೆವು. ಗಾಳಿ ಇರಲಿಲ್ಲ. ಮೂರು ಸುತ್ತು ಹಾರಿದೆವು. ಮೂರನೆಯದು ಮುಗಿದಾಗ ನಾನು ಮನಸ್ಸಿನಲ್ಲಿ ತೊಂಬತ್ತೆಂಟು ಎಂದು ಎಣಿಸುತ್ತಿದ್ದೆ. ಡಿಸೋಜ ಸರ್ ಬೆಲ್ಟ್ ಬಿಚ್ಚಿದ್ದು ಗೊತ್ತೇ ಆಗಲಿಲ್ಲ. ಬಾಗಿಲು ತೆಗೆದ ಮೇಲೆ ತಣ್ಣನೆ ಗಾಳಿ ಬಂತು. "ನಾನು ಒಂದು ಟೀ ಕುಡೀತೀನಿ. ನೀನು ಹೋಗಿ ಬಾ" ಎಂದು ಹಿಂದೆ ಸುತ್ತಿಕೊಂಡು ನಡೆದುಬಿಟ್ಟರು.

ಅವರ ಭಾರ ಇಲ್ಲದ ವಿಮಾನ ನಾನೆಣಿಸಿದ್ದಕ್ಕಿಂತ ಬೇಗ ನೆಲ ಬಿಟ್ಟಿತು. ಪಕ್ಕದ ಸೀಟು ನೋಡಿದೆ, ಖಾಲಿ. ಮೇಲಿನಿಂದ ನೀಲಗಿರಿ ತೋಪು, ಕೆರೆ, ಬೇಲಿಯ ಹತ್ತಿರ ದನಗಳ ಹಿಂದೆ ಓಡುತ್ತಿದ್ದ ಯಲ್ಲಪ್ಪ. ನನ್ನನ್ನು ನೋಡಿ ಕೈ ಬೀಸಿದ. ಆರು ನಿಮಿಷದ ಮೇಲೆ ಇಳಿದೆ. ಒಂದೇ ಸಲ ತಾಗಿತು, ಪುಟಿಯಲಿಲ್ಲ. ಸೋಲೋ ಮಾಡಿದವನಿಗೆ ನೀರು ಹುಯ್ಯುವ ಪದ್ಧತಿಯಂತೆ ಯಲ್ಲಪ್ಪ ಬಕೆಟ್ ನೀರು ನನ್ನ ತಲೆಯ ಮೇಲೆ ಸುರಿದ. ಡಿಸೋಜ ಸರ್ ತಮ್ಮ ಅರ್ಧ ಟೀ ನನಗೆ ಕೊಟ್ಟರು. ನೋಡಿದವರು ಅಷ್ಟೇ, ಇಬ್ಬರು.

ಹಾರಾಟಗಳ ಲೆಕ್ಕವಿಡುವ ನನ್ನ ಲಾಗ್‌ಬುಕ್ಕಿನಲ್ಲಿ ಡಿಸೋಜ ಸರ್ ಆ ದಿನದ ಸಾಲು ಬರೆದು ಸಹಿ ಮಾಡಿದರು. ಕ್ಲಬ್ಬಿನ ಸೀಲ್ ಬೇಕಿತ್ತು. ಒದ್ದೆ ತಲೆಯಲ್ಲೇ ಅವರ ಸ್ಕೂಟರಿನ ಹಿಂದೆ ಕೂತು ಹಲಸೂರಿಗೆ ಹೋದೆ. ಕಾರ್ಯದರ್ಶಿಗಳು ಹೊಸ ಬ್ಲೇಜರಿನಲ್ಲಿದ್ದರು.

"ಹುಡುಗ ಸೋಲೋ ಮಾಡಿದ" ಅಂದರು ಡಿಸೋಜ ಸರ್.

"ಮತ್ತೆ ಯಾಕೆ?" ಅಂದರು ಅವರು. ಅಣಕವಿರಲಿಲ್ಲ, ನಿಜವಾಗಿಯೂ ಅರ್ಥವಾಗದವರ ಮುಖ. "ಅದು ಹೋದ ತಿಂಗಳೇ ಆಯ್ತಲ್ಲ."

ಸೀಲ್ ಕೈಯಲ್ಲಿ ಹಿಡಿದು ಲಾಗ್‌ಬುಕ್ಕಿನ ತಾರೀಖು ನೋಡಿದರು, ತಲೆಯಾಡಿಸಿದರು. ಬೀರುವಿನಿಂದ ಫೈಲ್ ತೆಗೆದು, ಜನವರಿಯ ಸುದ್ದಿ ಹಾಳೆ ಹುಡುಕಿ, ಲಾಗ್‌ಬುಕ್ಕಿನ ಪಕ್ಕದಲ್ಲಿಟ್ಟರು. ಸ್ಕೇಲ್ ಇಟ್ಟು ಗೆರೆ ಎಳೆದ ನನ್ನ ಹೆಸರಿನ ಮೇಲೆ ಬೆರಳಿಟ್ಟು, "ತಾರೀಖು ನೀನೇ ಬರ್ದಿದ್ದೀಯಲ್ಲಪ್ಪ, ನೋಡು" ಅಂದರು.

ಡಿಸೋಜ ಸರ್ ಕಾರ್ಯದರ್ಶಿಗಳ ಕೈಯಿಂದ ಸೀಲ್ ಕಿತ್ತುಕೊಂಡು, ಇಂಕ್ ಪ್ಯಾಡಿಗೆ ಎರಡು ಸಲ ಕುಟ್ಟಿ, ಫೆಬ್ರವರಿ ಒಂಬತ್ತರ ಸಾಲಿನ ಪಕ್ಕ ತಾವೇ ಒತ್ತಿದರು.